ಕಾಡು ಕಾಯೋರ ಪಿಂಚಣಿ ಪುರಾಣ

ಪಿಂಚಣಿ ಬಗ್ಗೆ ಒಂದು ಬರಹ ಬರೀತಿದೀನಿ ಅಂದಿದ್ದಕ್ಕೆ ನನ್ನ ರೂಮ್‌ಮೇಟ್ ಬಿದ್ದೂ ಬಿದ್ದೂ ನಕ್ಕ. "ಇನ್ನೂ ಮೂವತ್ತು ತುಂಬಿಲ್ಲ, ಆಗಲೇ ರಿಟೈರ್ ಆಗೋ ಯೋಚ್ನೆನಾ?" ಅಂದ. ನನ್ನದಲ್ಲ ಮಾರಾಯ, ಕಾಡು ಕಾಯೋರ ಪಿಂಚಣಿ ಅಂದೆ. ಇನ್ನೂ ಜೋರಾಗಿ ನಕ್ಕ. ನಗಲಿ ಬಿಡಿ. ಓದೋಕೆ ನೀವಿದ್ದೀರಲ್ಲ...

ಕೆಲಸದ ನಿಮಿತ್ತ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸರ್ಕಾರಿ ನೌಕರರ ನಿವೃತ್ತಿ ಕಾನೂನನ್ನ ಓದಬೇಕಾಗಿ ಬಂತು. ಪಿಂಚಣಿ ಲೆಕ್ಕ ಹಾಕೋ ಪ್ರೋಗ್ರಾಂ ಬರೀಬೇಕು ಅಂದ್ರೆ ಮೊದಲು ಲೆಕ್ಕ ಅರ್ಥ ಆಗ್ಬೇಕಲ್ಲ. ಅಲ್ಲಿ ನೌಕರರನ್ನ ಗುಂಪುಗಳಾಗಿ ವಿಂಗಡಿಸಿದ್ದಾರೆ. ಒಂದನೇ ಗುಂಪು ಸಾಮಾನ್ಯ ನೌಕರರದ್ದು: ಗುಮಾಸ್ತರು, ಕೂಲಿಯವರು, ಮೆಕ್ಯಾನಿಕ್‌ಗಳು. ಎರಡನೇದು ಸ್ವಲ್ಪ ಅಪಾಯದ ಕೆಲಸದ್ದು. ಮೂರನೇದು ರಾಜ್ಯ ಪೊಲೀಸರದ್ದು. ನಾಲ್ಕನೇದರಲ್ಲಿ ಊರಿನ ಪೊಲೀಸರು, ಅಗ್ನಿಶಾಮಕದವರು, ಜೈಲಿನ ಸಿಬ್ಬಂದಿ, ಪುರಸಭೆಯ ವಿದ್ಯುತ್ ಕಂಪನಿಯ ಲೈನ್‌ಮನ್‌ಗಳು ಬರ್ತಾರೆ.

ಗುಂಪು ಬದಲಾದ್ರೆ ಏನಾಗುತ್ತೆ ಅಂತೀರಾ? 2012ರ ಏಪ್ರಿಲ್ 2ಕ್ಕಿಂತ ಮೊದಲು ಕೆಲಸಕ್ಕೆ ಸೇರಿದವರ ಲೆಕ್ಕ ತಗೊಳ್ಳಿ. ಒಬ್ಬ ಮನುಷ್ಯ 30 ವರ್ಷ ದುಡಿದು 55ನೇ ವಯಸ್ಸಿಗೆ ನಿವೃತ್ತಿ ಆಗ್ತಾನೆ. ನಾಲ್ಕನೇ ಗುಂಪಿನವನಾದ್ರೆ ವರ್ಷಕ್ಕೆ ಶೇಕಡಾ 2.5ರಂತೆ, ಅವನ ಸರಾಸರಿ ಸಂಬಳದ ಶೇಕಡಾ 75 ಪಿಂಚಣಿ ಸಿಗುತ್ತೆ. ಎರಡನೇ ಗುಂಪಾದ್ರೆ ಶೇಕಡಾ 60. ಒಂದನೇ ಗುಂಪಾದ್ರೆ ಶೇಕಡಾ 45. ಅದೇ ಮನುಷ್ಯ, ಅದೇ ಮೂವತ್ತು ವರ್ಷ. ಡೇಟಾಬೇಸಿನಲ್ಲಿ ಒಂದು ಅಂಕಿ ಮಾತ್ರ ಬೇರೆ.

ಇದರಲ್ಲಿ ನನ್ನ ಕಣ್ಣು ನಿಂತಿದ್ದು ಎರಡು ಕಡೆ. ಒಂದು, ಒಂದನೇ ಗುಂಪಿನ ವಿವರಣೆಯ ಕೊನೆ ಮಾತು. ಬೇರೆಲ್ಲೂ ವರ್ಗೀಕರಿಸದ ಉಳಿದವರೆಲ್ಲರೂ ಇದೇ ಗುಂಪು ಅಂತ ಇದೆ. ನಮ್ಮ ಜಾತಿಯವರಿಗೆ (ಪ್ರೋಗ್ರಾಮರ್ ಜಾತಿ ಸ್ವಾಮಿ, ತಪ್ಪು ತಿಳೀಬೇಡಿ!) ಇದು ಚೆನ್ನಾಗಿ ಗೊತ್ತು, ಸ್ವಿಚ್ ಕೇಸಿನ ಡೀಫಾಲ್ಟ್. ಅಲ್ಲಿನ ಕರಾವಳಿ ಊರುಗಳಲ್ಲಿ ಚಿಪ್ಪುಮೀನು ಕದಿಯೋರನ್ನ ಹಿಡಿಯೋಕೆ ಅಂತಲೇ ಊರಿನವರು ನೇಮಿಸೋ ಕಾನ್‌ಸ್ಟೇಬಲ್‌ಗಳಿದ್ದಾರೆ. ಕೆಲವು ಊರುಗಳಲ್ಲಿ ನೈಸರ್ಗಿಕ ಸಂಪನ್ಮೂಲ ಅಧಿಕಾರಿ ಅಂತ ಕರೀತಾರೆ. ಚಳಿಯಲ್ಲಿ, ಕತ್ತಲಲ್ಲಿ, ಒಬ್ಬೊಬ್ಬರೇ ದೋಣಿಯಲ್ಲಿ ಹೋಗಿ ಕಳ್ಳರನ್ನ ತಡೆಯೋ ಕೆಲಸ. ಆದ್ರೆ ಪೊಲೀಸ್ ಇಲಾಖೆಯೊಳಗೆ ಇಲ್ಲದೆ, ಪಟ್ಟಿಯಲ್ಲೂ ಹೆಸರಿಲ್ಲದೆ ಹೋದ್ರೆ ಅವರು ಆಫೀಸಿನಲ್ಲಿ ಟೈಪ್ ಮಾಡೋರ ಜೊತೆ ಡೀಫಾಲ್ಟಿಗೆ ಬೀಳ್ತಾರೆ. ಇಂಥವರ ಗುಂಪು ಬದಲಿಸಿ ಅನ್ನೋ ಮಸೂದೆಗಳು ಅಲ್ಲಿನ ಶಾಸನಸಭೆಗೆ ಬರ್ತಾನೇ ಇರ್ತವೆ.

ಎರಡನೇದು, ಎರಡನೇ ಗುಂಪಿನ ಪಟ್ಟಿಯಲ್ಲಿ ಜಲಾನಯನ ಪ್ರದೇಶ ಕಾಯೋ ಗಾರ್ಡುಗಳ ಹೆಸರಿದೆ. ಅದರ ಹಿಂದೆ ಒಂದು ವಿಶೇಷಣ ಇದೆ. ಬರೀ ಗಾರ್ಡುಗಳಲ್ಲ, "ಖಾಯಂ" ಗಾರ್ಡುಗಳು.

ಈ ಖಾಯಂ ಅನ್ನೋ ಪದ ಓದಿದ ತಕ್ಷಣ ನಂಗೆ ನಮ್ಮ ಸೋದರಮಾವ ನೆನಪಾದ್ರು. ಅವರು ನಮ್ಮ ಕಡೆಯ ಕಾಡೊಂದರಲ್ಲಿ ಫಾರೆಸ್ಟ್ ಗಾರ್ಡ್ ಆಗಿದ್ದವರು, ಈಗ ನಿವೃತ್ತಿ. ಮಾವನ ಕಥೆಗೆ ಆಮೇಲೆ ಬರ್ತೀನಿ, ಮೊದಲು ಸ್ವಲ್ಪ ಇತಿಹಾಸ ಆಗಲಿ.

1864ರಲ್ಲಿ ಬ್ರಿಟಿಷರು ಡೀಟ್ರಿಚ್ ಬ್ರಾಂಡಿಸ್ ಅನ್ನೋ ಜರ್ಮನ್ ತಜ್ಞನನ್ನ ಮೊದಲ ಅರಣ್ಯ ಮಹಾನಿರೀಕ್ಷಕನಾಗಿ ನೇಮಿಸಿದರು. ಮೈಸೂರು ಸಂಸ್ಥಾನದ ಅರಣ್ಯ ಇಲಾಖೆ ಶುರುವಾಗಿದ್ದೂ ಅದೇ ವರ್ಷ. ಆಮೇಲೆ 1865, 1878, 1927ರ ಅರಣ್ಯ ಕಾಯ್ದೆಗಳು, ಮೈಸೂರಿನಲ್ಲಿ 1900ರ ಅರಣ್ಯ ರೆಗ್ಯುಲೇಷನ್ ಬಂದವು. ಇದೆಲ್ಲ ಶಾಲೆ ಪುಸ್ತಕದಲ್ಲೂ ಸಿಗುತ್ತೆ. ಪುಸ್ತಕದಲ್ಲಿ ಅಷ್ಟಾಗಿ ಸಿಗದೇ ಇರೋದು ಇದರ ಜೊತೆಜೊತೆಗೇ ಬೆಳೆದ ಪಿಂಚಣಿ ಕಾನೂನು. 1871ರ ಪಿಂಚಣಿ ಕಾಯ್ದೆ, ಪಿಂಚಣಿ ವಿಷಯಕ್ಕೆ ಸಿವಿಲ್ ಕೋರ್ಟಿಗೆ ಹೋಗೋ ಹಾಗಿಲ್ಲ ಅಂತ ಬಾಗಿಲು ಹಾಕಿತು. ಕೊಟ್ಟರೆ ದೊರೆಯ ದಯೆ, ಕೊಡದಿದ್ರೆ ನಿಮ್ಮ ಹಣೆಬರಹ ಅನ್ನೋ ಧೋರಣೆ. ಆಮೇಲಿನ ಸಿವಿಲ್ ಸರ್ವಿಸ್ ರೆಗ್ಯುಲೇಷನ್ಸ್ ನೌಕರಿಯನ್ನ ಎರಡು ಮಾಡಿತು, "ಉತ್ತಮ" ಸೇವೆ ಮತ್ತು "ಕೀಳು" ಸೇವೆ. ಕೀಳು ಅನ್ನೋದು ನಾನು ಬೈಗುಳವಾಗಿ ಹೇಳ್ತಿರೋದಲ್ಲ, ಇಂಗ್ಲಿಷಿನ ಕಾನೂನು ಪದಕ್ಕೆ ಇರೋ ಅರ್ಥವೇ ಅದು. ಇಬ್ಬರಿಗೂ ಪಿಂಚಣಿ ಲೆಕ್ಕ ಬೇರೆ. 1947ರಲ್ಲಿ ಮೊದಲ ವೇತನ ಆಯೋಗದ ವರದಿ ಬಂದ ಮೇಲೆ ಆ ಪದ ಹೋಗಿ ನಾಲ್ಕನೇ ದರ್ಜೆ ಅಂತಾಯ್ತು. ಆಮೇಲೆ ಡಿ ಗುಂಪು.

ಆದ್ರೆ ಆ ರೆಗ್ಯುಲೇಷನ್ಸಿನ ಇನ್ನೊಂದು ಕಲಂ ಇದಕ್ಕಿಂತ ಗಟ್ಟಿಯಾಗಿ ಉಳೀತು. ಪಿಂಚಣಿಗೆ ಯಾವ ಸೇವೆ ಲೆಕ್ಕಕ್ಕೆ ಬರುತ್ತೆ ಅನ್ನೋಕೆ ಮೂರು ಷರತ್ತು. ಸೇವೆ ಸರ್ಕಾರದ ಕೆಳಗೆ ಇರಬೇಕು. ನೌಕರಿ ಖಾಯಂ ಆಗಿರಬೇಕು. ಸಂಬಳ ಕೊಡೋದು ಸರ್ಕಾರವೇ ಆಗಿರಬೇಕು. ಎಷ್ಟು ಚೊಕ್ಕವಾಗಿದೆ ನೋಡಿ, ಮೂರು ಇಫ್ ಕಂಡೀಷನ್ನು. ಮೂರೂ ನಿಜ ಆದ್ರೆ ಒಳಗೆ, ಒಂದು ಸುಳ್ಳಾದ್ರೂ ಹೊರಗೆ. ಯಾವ ಕೆಲಸ ಮಾಡಿದೆ, ಎಷ್ಟು ರಾತ್ರಿ ನಿದ್ದೆಗೆಟ್ಟೆ, ಆನೆ ಓಡಿಸಿತಾ, ಕಳ್ಳ ಗುಂಡು ಹಾರಿಸಿದನಾ, ಇವ್ಯಾವುದೂ ಆ ಮೂರರಲ್ಲಿಲ್ಲ.

ಈಗ ಕಾಡಿನೊಳಗೆ ಬನ್ನಿ. ನಮ್ಮ ಜನಕ್ಕೆ ಅರಣ್ಯ ಇಲಾಖೆ ಅಂದ್ರೆ ಗಾರ್ಡು, ವಾಚರು, ಫಾರೆಸ್ಟರು, ರೇಂಜರು. ಕಾಗದದಲ್ಲಿ ಗಾರ್ಡಿಗೆ ಮೊದಲು ಅರಣ್ಯ ರಕ್ಷಕ ಅಂತಿತ್ತು, ಈಗ ಗಸ್ತು ಅರಣ್ಯ ಪಾಲಕ. ಇವರು ಸಿ ಗುಂಪು. ಅರಣ್ಯ ವೀಕ್ಷಕ, ಅಂದ್ರೆ ವಾಚರು, ಡಿ ಗುಂಪು. ಇವರಿಬ್ಬರೂ ಖಾಯಂ. ಇವರ ಕೆಳಗೆ, ಯಾವ ಗುಂಪಿನ ಅಕ್ಷರವೂ ಇಲ್ಲದೆ ದೊಡ್ಡದೊಂದು ಪಡೆ ಇದೆ: ದಿನಗೂಲಿ, ಎನ್ಎಂಆರ್, ಪಿಸಿಪಿ, ಹೊರಗುತ್ತಿಗೆ ಅಂತ ಬೇರೆ ಬೇರೆ ಹೆಸರಲ್ಲಿ. ಕಳ್ಳಬೇಟೆ ತಡೆ ಶಿಬಿರಗಳಲ್ಲಿ ಮಲಗೋರು, ಬೇಸಿಗೆಯಲ್ಲಿ ಬೆಂಕಿ ರೇಖೆ ಬಳಿಯೋರು, ಸೊಪ್ಪು ಹಿಡಿದು ಬೆಂಕಿ ಬಡಿಯೋರು ಹೆಚ್ಚಾಗಿ ಇವರೇ. ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟದ ಕಡೆ ಇವರಲ್ಲಿ ಸೋಲಿಗರು, ಜೇನುಕುರುಬರು ಬಹಳ. ಅವರಿಗೂ ವಾಚರು ಅಂತಲೇ ಕರೀತಾರೆ. ಕರೆಯೋ ಹೆಸರು ಒಂದೇ ಆದ್ದರಿಂದ ಹೊರಗಿನೋರಿಗೆ ವ್ಯತ್ಯಾಸ ಗೊತ್ತಾಗೋದೇ ಇಲ್ಲ.

ಇವರನ್ನೆಲ್ಲ ದೇವರು ಮಾಡೋ ಉದ್ದೇಶ ನಂಗಿಲ್ಲ. ಹಳ್ಳಿ ಕಡೆ ಹೋಗಿ ಕೇಳಿ, ಸೌದೆ ಹೊರೆ ಹೊತ್ತ ಹೆಂಗಸಿನ ಹತ್ರ ಕಾಸು ಕಿತ್ತ ಗಾರ್ಡಿನ ಕಥೆ ಪ್ರತಿ ಮನೇಲೂ ಒಂದಿರುತ್ತೆ. ಇರಲಿ. ಪಿಂಚಣಿ ಕಾನೂನು ಒಳ್ಳೆಯವರು ಕೆಟ್ಟವರು ಅಂತ ವಿಂಗಡಿಸೋದೂ ಇಲ್ಲವಲ್ಲ.

ಮಾವನ ವಿಷಯಕ್ಕೆ ಬರ್ತೀನಿ. ಅವರ ಜೊತೆ ಗಸ್ತಿಗೆ ಯಾವಾಗ್ಲೂ ಒಬ್ಬ ದಿನಗೂಲಿ ವಾಚರು ಇರ್ತಿದ್ರಂತೆ. ಕಾಡಂಚಿನ ಹಾಡಿಯವರು, ವಯಸ್ಸಲ್ಲಿ ಮಾವನಿಗಿಂತ ದೊಡ್ಡೋರು. ಗಾಳಿ ತಿರುಗಿದ್ರೆ ಆನೆ ಎಲ್ಲಿದೆ ಅಂತ ವಾಸನೆ ಹಿಡಿದೇ ಹೇಳೋರಂತೆ. ಮುರಿದ ಟೊಂಗೆ ನೋಡಿ, ಇದು ಪ್ರಾಣಿ ಮುರಿದಿದ್ದಾ ಮನುಷ್ಯ ಮುರಿದಿದ್ದಾ ಅಂತ ಹೇಳೋರಂತೆ. ಉರುಳು ಎಲ್ಲಿ ಹಾಕಿರ್ತಾರೆ ಅಂತ ಮೊದಲೇ ಗೊತ್ತಿರ್ತಿತ್ತಂತೆ. ಮಾವ ಒಂದ್ಸಲ ಹೇಳಿದ್ರು: "ಕಾಡೊಳಗೆ ನಾನು ಅವರ ಹಿಂದೆ ನಡೀತಿದ್ದೆ ಕಣೋ. ಆಫೀಸಿಗೆ ಬಂದ್ರೆ ಅವರು ನನ್ನ ಹಿಂದೆ ನಿಲ್ಲೋರು." ಮಾವನಿಗೆ ಸೇವಾ ಪುಸ್ತಕ ಇತ್ತು. ಅವರಿಗೆ ಮಸ್ಟರ್ ರೋಲಿನಲ್ಲಿ ಒಂದು ಹೆಬ್ಬೆಟ್ಟಿನ ಗುರುತು. ಮಾವನಿಗೆ ತಿಂಗಳ ಮೊದಲಲ್ಲಿ ಬ್ಯಾಂಕಿಗೆ ಪಿಂಚಣಿ ಬೀಳುತ್ತೆ. ಅವರಿಗೆ ಮೈಯಲ್ಲಿ ಶಕ್ತಿ ಇರೋವರೆಗೆ ಕೂಲಿ, ಆಮೇಲೆ ಮಕ್ಕಳು ನೋಡಿಕೊಂಡರೆ ಉಂಟು. ಇಬ್ಬರ ಮೊಣಕಾಲೂ ಸವೆದಿದ್ದು ಒಂದೇ ಕಾಡಲ್ಲಿ.

ಇದನ್ನ ಯಾರೂ ಕೋರ್ಟಿನಲ್ಲಿ ಕೇಳಲಿಲ್ವಾ? ಕೇಳಿದ್ರು, ಬೇರೆ ಬೇರೆ ರೂಪದಲ್ಲಿ. 1982ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಡಿ.ಎಸ್. ನಕಾರಾ ಪ್ರಕರಣದ ತೀರ್ಪು ಕೊಟ್ಟಿತು. ಕೇಂದ್ರ ಸರ್ಕಾರ 1979ರಲ್ಲಿ ಪಿಂಚಣಿ ಸೂತ್ರವನ್ನ ಉದಾರ ಮಾಡಿ, ಅದು ಆ ವರ್ಷದ ಮಾರ್ಚ್ 31ರಂದು ಅಥವಾ ನಂತರ ನಿವೃತ್ತರಾದವರಿಗೆ ಮಾತ್ರ ಅಂದಿತ್ತು. ಒಂದು ದಿನ ಮುಂಚೆ ನಿವೃತ್ತರಾದೋರು ಏನು ಪಾಪ ಮಾಡಿದ್ರು ಅನ್ನೋದು ಪ್ರಶ್ನೆ. ಕೋರ್ಟು ಆ ದಿನಾಂಕವನ್ನ ಕಿತ್ತು ಹಾಕಿತು. ಪಿಂಚಣಿ ಭಿಕ್ಷೆಯಲ್ಲ, ಮಾಡಿದ ಸೇವೆಗೆ ಸಲ್ಲೋ ಹಕ್ಕು ಅಂತು. ಒಂದೇ ಥರದ ಜನರನ್ನ ಎರಡು ಮಾಡಬೇಕಾದ್ರೆ ಅದಕ್ಕೊಂದು ಅರ್ಥ, ಉದ್ದೇಶ ಇರಬೇಕು ಅಂತು. ಇವತ್ತಿಗೂ ಡಿಸೆಂಬರ್ 17 ಪಿಂಚಣಿದಾರರ ದಿನ. ತುಂಬಾ ದೊಡ್ಡ ತೀರ್ಪು, ಓದಿದ್ರೆ ಖುಷಿಯಾಗುತ್ತೆ. ಆದ್ರೆ ಗಮನಿಸಿ, ಅದು ಆಗಲೇ ಬಾಗಿಲೊಳಗೆ ಇದ್ದೋರ ನಡುವಿನ ಜಗಳ. ಮಸ್ಟರ್ ರೋಲಿನೋರು ಇನ್ನೂ ಅಂಗಳದಲ್ಲೇ ಇದ್ರು.

ಅಂಗಳದವರ ಸರದಿ 1990ರಲ್ಲಿ ಬಂತು, ಅದೂ ನಮ್ಮ ಧಾರವಾಡದಿಂದ. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ಅಕ್ಷರಸ್ಥ ದಿನಗೂಲಿ ನೌಕರರ ಸಂಘ ಹಾಕಿದ ಕೇಸು. 1984ರ ಜುಲೈ 1 ಅಥವಾ ಅದಕ್ಕೆ ಮೊದಲು ಸೇರಿದ ದಿನಗೂಲಿಯವರನ್ನ, ಹತ್ತು ವರ್ಷ ಆದಂತೆ ಹಂತಹಂತವಾಗಿ ಖಾಯಂ ಮಾಡೋ ಯೋಜನೆಗೆ ಸುಪ್ರೀಂ ಕೋರ್ಟು ಒಪ್ಪಿತು. ಆ ದಿನಾಂಕದೊಳಗೆ ಇದ್ದೋರು ಬಚಾವ್. ಆಚೆ ಇದ್ದೋರು ಮತ್ತೆ ಕಾಯಬೇಕು. ಮತ್ತೊಂದು ದಿನಾಂಕ!

ಅದೇ ಕಾಲಕ್ಕೆ ಕಾಡಲ್ಲಿ ಏನಾಗ್ತಿತ್ತು ಅಂತ ನೆನಪಿಸಿಕೊಳ್ಳಿ. ವೀರಪ್ಪನ್ ಕಾಲ ಅದು. 1991ರ ನವೆಂಬರ್ 10ರಂದು ಡಿಸಿಎಫ್ ಪಿ. ಶ್ರೀನಿವಾಸ್ ಅವರನ್ನ ಮೋಸದಿಂದ ಕರೆಸಿಕೊಂಡು ಕೊಂದ. ಅವರಿಗೆ ಮರಣೋತ್ತರ ಕೀರ್ತಿ ಚಕ್ರ ಬಂತು. 1993ರ ಏಪ್ರಿಲ್ 9ರಂದು ಪಾಲಾರ್ ಹತ್ರ ನೆಲಬಾಂಬ್ ಸ್ಫೋಟ, 22 ಜನ ಸತ್ತರು. ಸತ್ತೋರಲ್ಲಿ ಪೊಲೀಸರು ಇದ್ರು, ಅರಣ್ಯ ವಾಚರುಗಳು ಇದ್ರು, ಯಾವ ಇಲಾಖೆಗೂ ಸೇರದ ಮಾಹಿತಿದಾರರು ಎಲ್ಲರಿಗಿಂತ ಹೆಚ್ಚಾಗಿದ್ರು. ಒಂದು ಸ್ಫೋಟ, ಮೂರು ವರ್ಗ. ಬಾಂಬಿಗೆ ವರ್ಗೀಕರಣ ಗೊತ್ತಿರಲಿಲ್ಲ, ಕಡತಕ್ಕೆ ಗೊತ್ತಿರುತ್ತೆ.

ಇನ್ನು 2006ರ ಏಪ್ರಿಲ್. ಈ ಬರಹ ಬರೆಯೋಕೆ ಕೂತಿದ್ದೇ ಈ ತಿಂಗಳಿಗೋಸ್ಕರ ಅನ್ನಬಹುದು. ಕರ್ನಾಟಕದ ಸರ್ಕಾರಿ ನೌಕರರಿಗೆ ಹೊಸ ಪಿಂಚಣಿ ಯೋಜನೆ ಜಾರಿಗೆ ಬಂದಿದ್ದು ಆ ತಿಂಗಳ 1ನೇ ತಾರೀಖು. ಕರ್ನಾಟಕ ಸರ್ಕಾರದ ಕಾರ್ಯದರ್ಶಿ ವಿರುದ್ಧ ಉಮಾದೇವಿ ಅನ್ನೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿದ್ದು 10ನೇ ತಾರೀಖು. ಹತ್ತು ದಿನದಲ್ಲಿ ಎರಡು ಬಾಗಿಲು.

ಮೊದಲನೇದು ಖಾಯಂ ನೌಕರರಿಗೆ ಸಂಬಂಧಿಸಿದ್ದು. ಅವತ್ತಿನವರೆಗೆ ಸೇರಿದೋರಿಗೆ ಹಳೇ ಲೆಕ್ಕ: ಪೂರ್ತಿ ಸೇವೆ ಮಾಡಿದ್ರೆ ಕೊನೇ ಸಂಬಳದ ಅರ್ಧ, ಅದರ ಮೇಲೆ ತುಟ್ಟಿಭತ್ಯೆ, ಸತ್ತರೆ ಹೆಂಡತಿಗೆ ಕುಟುಂಬ ಪಿಂಚಣಿ. ಅವತ್ತಿಂದ ಸೇರೋರಿಗೆ ಸಂಬಳದಲ್ಲಿ ಶೇಕಡಾ 10 ಕತ್ತರಿಸಿ, ಸರ್ಕಾರ ತನ್ನ ಪಾಲು ಸೇರಿಸಿ, ಮಾರುಕಟ್ಟೆಯಲ್ಲಿ ಹೂಡೋ ಲೆಕ್ಕ. ಕೊನೆಗೆ ಎಷ್ಟು ಬರುತ್ತೆ ಅನ್ನೋದು ಮಾರುಕಟ್ಟೆಗೆ ಬಿಟ್ಟಿದ್ದು. ಕೇಂದ್ರ ಸರ್ಕಾರ 2004ರ ಜನವರಿ 1ರಿಂದಲೇ ಇದನ್ನ ತಂದಾಗ ಸೇನಾಪಡೆಗಳಿಗೆ ವಿನಾಯಿತಿ ಕೊಟ್ಟಿತ್ತು. ಜೀವ ಒತ್ತೆ ಇಡೋರ ಮುಪ್ಪನ್ನ ಷೇರುಪೇಟೆಗೆ ಬಿಡಬಾರದು ಅನ್ನೋ ವಿವೇಕ ಇರಬಹುದು, ಒಪ್ಪೋಣ. ಅದೇ ವಿವೇಕ ಕಾಡಿನ ಗಡಿವರೆಗೆ ಬರಲಿಲ್ಲ. ಹೊಸ ಗಾರ್ಡಿಗೂ ಸಚಿವಾಲಯದ ಹೊಸ ಗುಮಾಸ್ತನಿಗೂ ಒಂದೇ ಗುಂಪು. ಮ್ಯಾಸಚೂಸೆಟ್ಸಿನ ಡೀಫಾಲ್ಟ್ ನೆನಪಾಗುತ್ತೆ ಅಲ್ವಾ? ಅಲ್ಲಾದ್ರೂ ನಾಲ್ಕು ಗುಂಪಿವೆ, ಬೇಡಿಕೆ ಇಡೋಕೆ ಒಂದು ಮೆಟ್ಟಿಲಾದ್ರೂ ಇದೆ.

ಎರಡನೇದು ಖಾಯಂ ಅಲ್ಲದೋರಿಗೆ. ಉಮಾದೇವಿ ಪ್ರಕರಣದ ನೌಕರರು ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳು, ಕಾಡಿಗೂ ಅವರಿಗೂ ಸಂಬಂಧ ಇಲ್ಲ. ಆದ್ರೆ ತೀರ್ಪು ಎಲ್ಲ ಇಲಾಖೆಗೂ ಬಡೀತು. ನಿಯಮದ ಪ್ರಕಾರ ನೇಮಕ ಆಗದವರು ಎಷ್ಟೇ ವರ್ಷ ದುಡಿದ್ರೂ ಖಾಯಮಾತಿ ಹಕ್ಕಲ್ಲ ಅಂತು. ಮಂಜೂರಾದ ಹುದ್ದೆಯಲ್ಲಿ, ಕೋರ್ಟಿನ ಆದೇಶದ ಆಸರೆ ಇಲ್ಲದೆ, ಹತ್ತು ವರ್ಷ ಮೀರಿ ದುಡಿದೋರನ್ನ ಒಂದು ಸಲ ಪರಿಗಣಿಸಿ ಅಂತ ಕಿಂಡಿ ಬಿಟ್ಟಿತು. ಹಿಂಬಾಗಿಲ ನೇಮಕ ನಿಲ್ಲಬೇಕು ಅನ್ನೋ ವಾದದಲ್ಲಿ ತಪ್ಪಿಲ್ಲ. ಪರೀಕ್ಷೆ ಬರೆದು ಕಾಯ್ತಾ ಕೂತ ಲಕ್ಷಾಂತರ ಹುಡುಗರ ಕಡೆಯಿಂದ ನೋಡಿದ್ರೆ ನ್ಯಾಯವೇ. ಆದ್ರೆ ಕಾಡಂಚಿನ ಹಾಡಿಯಿಂದ ಬಂದವರು ಯಾವ ಶಿಫಾರಸಿನ ಹಿಂಬಾಗಿಲಿಂದ ಬಂದ್ರು ಹೇಳಿ? ಅವರ ಕಾಲಿಗೆ ಆ ಕಾಡು ಗೊತ್ತಿತ್ತು, ಇಲಾಖೆಗೆ ಆ ಕಾಲು ಬೇಕಿತ್ತು.

ಆಮೇಲಿನದ್ದು ತೇಪೆ ಹಾಕೋ ಕೆಲಸ. 2012ರ ಕರ್ನಾಟಕ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಕಾಯ್ದೆ ಬಂತು. ಅಧಿಸೂಚನೆಯಲ್ಲಿ ಹೆಸರಿರೋ ಹಳೇ ದಿನಗೂಲಿಗಳು 60 ವರ್ಷದವರೆಗೆ ಮುಂದುವರೀಬಹುದು, ಕೆಲವು ಭತ್ಯೆಗಳು ಸಿಗ್ತವೆ. ಆದ್ರೆ ದಿನಗೂಲಿಗಳಾಗಿಯೇ. 2019ರಲ್ಲಿ ಉತ್ತರಪ್ರದೇಶದ ಪ್ರೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಆಮೇಲೆ ಖಾಯಂ ಆದವರ ಹಿಂದಿನ ವರ್ಕ್ ಚಾರ್ಜ್ಡ್ ಸೇವೆಯನ್ನೂ ಪಿಂಚಣಿಗೆ ಲೆಕ್ಕ ಹಿಡೀಬೇಕು ಅಂತು. 2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರ, 2006ರ ಏಪ್ರಿಲ್ 1ಕ್ಕೆ ಮೊದಲೇ ನೇಮಕಾತಿ ಅಧಿಸೂಚನೆ ಹೊರಟು ಆಮೇಲೆ ಕೆಲಸಕ್ಕೆ ಸೇರಿದ ಸುಮಾರು 13,000 ನೌಕರರಿಗೆ ಹಳೇ ಪಿಂಚಣಿಗೆ ಮರಳೋ ಅವಕಾಶ ಕೊಟ್ಟಿತು. ಸೇರಿದ ದಿನ ಬಿಟ್ಟು ಅಧಿಸೂಚನೆಯ ದಿನ ಹಿಡಿದರು, ಅಷ್ಟೇ. 2024ರ ಡಿಸೆಂಬರ್ 20ರಂದು ಜಗ್ಗೋ ಅನ್ನೋ ಪ್ರಕರಣದಲ್ಲಿ, ದಶಕಗಟ್ಟಲೆ ದುಡಿಸಿಕೊಂಡವರನ್ನ ಹೊರಗಿಡೋಕೆ ಉಮಾದೇವಿ ತೀರ್ಪನ್ನ ಗುರಾಣಿ ಮಾಡಿಕೊಳ್ಳಬಾರದು ಅನ್ನೋ ಅರ್ಥದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆ ಪ್ರಕರಣದವರಲ್ಲಿ ಹೆಚ್ಚಿನವರು ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ಕಸ ಗುಡಿಸ್ತಿದ್ದವರು.

ಈ ನಡುವೆ ಕಾಡು ತನ್ನ ಲೆಕ್ಕ ತಾನು ಮಾಡ್ತಾ ಇತ್ತು. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸೋಕೆ ಹೋದ ಒಬ್ಬ ಯುವ ಗಾರ್ಡ್ ಸುಟ್ಟು ಸತ್ತರು. 2018ರ ಮಾರ್ಚ್ 3ರಂದು ನಾಗರಹೊಳೆಯ ನಿರ್ದೇಶಕರಾಗಿದ್ದ ಐಎಫ್ಎಸ್ ಅಧಿಕಾರಿ ಎಸ್. ಮಣಿಕಂಠನ್ ಬೆಂಕಿ ಬಿದ್ದ ಜಾಗ ನೋಡೋಕೆ ಹೋದಾಗ ಆನೆ ದಾಳಿಗೆ ಬಲಿಯಾದ್ರು. ಮೇಲಿನವರಿಂದ ಕೆಳಗಿನವರವರೆಗೆ ಅಪಾಯ ಒಂದೇ ಅಳತೆಯದ್ದು. ಪ್ರತಿ ವರ್ಷ ಸೆಪ್ಟೆಂಬರ್ 11ರಂದು ಅರಣ್ಯ ಹುತಾತ್ಮರ ದಿನ ಆಚರಿಸ್ತಾರೆ, 1730ರಲ್ಲಿ ರಾಜಸ್ಥಾನದ ಖೇಜಡ್ಲಿಯಲ್ಲಿ ಮರ ಉಳಿಸೋಕೆ ಪ್ರಾಣ ಕೊಟ್ಟ ಬಿಷ್ಣೋಯಿಗಳ ನೆನಪಿಗೆ. ಗೌರವ ಸಲ್ಲಿಸೋದು ಒಳ್ಳೇದೇ. ಆದ್ರೆ ಸಾಯದೇ ಬದುಕಿ, ಅರವತ್ತು ದಾಟಿ, ಮೊಣಕಾಲು ಹಿಡ್ಕೊಂಡು ಕೂತೋರಿಗೆ ಯಾವ ದಿನ?

ವಯಸ್ಸಿನ ಮಾತು ಬಂತು ಅಂತ ಇನ್ನೊಂದು ಹೇಳ್ಬಿಡ್ತೀನಿ. ಅಮೆರಿಕದ ಕೇಂದ್ರ ಸರ್ಕಾರ 1947ರಲ್ಲಿ ಎಫ್‌ಬಿಐನವರಿಗೆ, ಮರುವರ್ಷ ಬೇರೆ ಇಲಾಖೆಗಳಲ್ಲಿ ಅಪರಾಧಿಗಳನ್ನ ಹಿಡಿಯೋರಿಗೂ, 20 ವರ್ಷ ಸೇವೆ ಆದ್ರೆ 50ನೇ ವಯಸ್ಸಿಗೆ ನಿವೃತ್ತಿ ಅವಕಾಶ ಕೊಟ್ಟಿತು. ಅದು ಬಹುಮಾನ ಅಲ್ಲ. ಓಡೋ ಕೆಲಸಕ್ಕೆ ಓಡೋ ವಯಸ್ಸಿನವರು ಬೇಕು, ಅದಕ್ಕೆ ವಯಸ್ಸಾದವರನ್ನ ಮರ್ಯಾದೆಯಿಂದ ಕಳಿಸೋ ದಾರಿ ಬೇಕು ಅನ್ನೋ ಲೆಕ್ಕಾಚಾರ. ಕರ್ನಾಟಕದಲ್ಲಿ ಗಾರ್ಡೂ ಗುಮಾಸ್ತರೂ 60ರವರೆಗೆ. ಐವತ್ತೆಂಟರ ಗಾರ್ಡ್ ಆನೆ ಮುಂದೆ ಎಷ್ಟು ವೇಗವಾಗಿ ಓಡಬಲ್ಲ ಅಂತ ಸೇವಾ ನಿಯಮ ಬರೆದೋರು ಯೋಚಿಸಿದ ಹಾಗೆ ಕಾಣಲ್ಲ. ನನ್ನ ಕೇಳಿದ್ರೆ, ಗುಂಪು ಮಾಡೋದೇ ತಪ್ಪಲ್ಲ, ಪಿಂಚಣಿಗೆ ಗುಂಪು ಬೇಕೇ ಬೇಕು. ಗುಂಪಿನ ಹೆಸರು ನೇಮಕಾತಿ ಆದೇಶದಿಂದ ಬರದೆ ಮಾಡಿದ ಕೆಲಸದಿಂದ ಬರಬೇಕು. ಮಾವನೂ ಇದನ್ನೇ ಹೇಳ್ತಾರೆ, ಸ್ವಲ್ಪ ಖಾರವಾದ ಭಾಷೇಲಿ.

ಈಗಿನ ಶಿಬಿರಗಳಿಗೆ ಸೇರೋ ಎಷ್ಟೋ ಹುಡುಗರು ಹೊರಗುತ್ತಿಗೆಯವರು. ಸಂಬಳ ಬರೋದು ಏಜೆನ್ಸಿಯಿಂದ, ನಿವೃತ್ತಿಗೆ ಅಂತ ಇದ್ರೆ ಅದು ಪಿಎಫ್. ಆ ಹಳೇ ರೆಗ್ಯುಲೇಷನ್ಸಿನ ಮೂರು ಷರತ್ತು ನೆನಪಿದೆಯಾ? ಮಾವನ ಜೊತೆ ನಡೆದ ಆ ದಿನಗೂಲಿ ವಾಚರು ಸರ್ಕಾರದ ಕೆಳಗೇ ಇದ್ದವರು, ಸರ್ಕಾರದ ದುಡ್ಡೇ ಪಡೆದವರು. ಖಾಯಂ ಅನ್ನೋ ಎರಡನೇ ಷರತ್ತಿನಲ್ಲಿ ಮಾತ್ರ ಬಿದ್ದರು. ಈ ಹುಡುಗರು ಮೂರರಲ್ಲೂ ಬೀಳ್ತಾರೆ.